ಕಾವೇರಿಯ ದ್ವೀಪದಿಂದ ಕಡಲಿಗೆ ಹೊರಟ ಆಜ್ಞೆ: ಕನ್ನಡ ನಾಡಿನ ನೌಕಾಬಲದ ಚರಿತ್ರೆ

ರಾಷ್ಟ್ರರಕ್ಷಣೆಯಲ್ಲಿ ನೌಕಾಪಡೆಯ ಪಾತ್ರವನ್ನು ಕುರಿತು ಕನ್ನಡದಲ್ಲಿ ಚರ್ಚೆ ನಡೆದಾಗಲೆಲ್ಲ ಅದು ಚೋಳರಿಂದ ಆರಂಭವಾಗಿ, ಮರಾಠರ ಮೂಲಕ ಹಾದು, ಆಧುನಿಕ ಭಾರತಕ್ಕೆ ಬಂದು ನಿಲ್ಲುವುದು ರೂಢಿ. ಕನ್ನಡ ನಾಡಿಗೆ ಈ ಚರಿತ್ರೆಯಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಾನ ದೊರೆಯುವುದಿಲ್ಲ. ಇದಕ್ಕೆ ಕಾರಣ ಆಧಾರಗಳ ಕೊರತೆಯಲ್ಲ; ಚರಿತ್ರೆಯನ್ನು ನಾವು ಒಳನಾಡಿನಲ್ಲಿ ಕುಳಿತು ಓದಿದ್ದೇವೆ ಎಂಬುದೇ ಮುಖ್ಯ ಕಾರಣ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ನಮ್ಮ ಭಾರತೀನಗರದ ಪರಿಸರವನ್ನೇ ತೆಗೆದುಕೊಳ್ಳಬಹುದು. ಇದೇ ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಸಂಗತಿಯನ್ನು ಅದು ಹೇಳುತ್ತದೆ. ಜೊತೆಗೆ ಮಣಲೆರನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದನ್ನೂ ನೆನೆಯುತ್ತದೆ. ಈ ಸೀಮೆಯ ಕಲ್ಲುಗಳು ತುರುಗೋಳ್, ಊರಳಿವು, ಆನೆಕುದುರೆಗಳ ಕಾಳಗ, ಕೊನೆಗೆ ಒಂದು ನಾಯಿಯ ಪರಾಕ್ರಮವನ್ನೂ ಮರೆಯದೆ ದಾಖಲಿಸಿವೆ. ಹಡಗಿನ ಮೇಲೆ ಸತ್ತವನಿಗೆ ಇಲ್ಲಿ ಕಲ್ಲಿಲ್ಲ. ಆದರೆ ಮುಂಬಯಿಯ ಬೋರಿವಲಿಯ ಬಳಿ ಇರುವ ಏಕಸರದ ವೀರಗಲ್ಲುಗಳಲ್ಲಿ ಸಾಲುಸಾಲು ಹುಟ್ಟುಗಳುಳ್ಳ ಯುದ್ಧನೌಕೆಗಳನ್ನು ಕಡೆಯಲಾಗಿದೆ. ಗೋವೆಯಲ್ಲಿಯೂ ನೌಕಾಯುದ್ಧದ ವೀರಗಲ್ಲುಗಳು ದೊರೆತಿವೆ. ವೀರಗಲ್ಲಿನ ಸಂಪ್ರದಾಯ ಒಂದೇ. ವೀರಮರಣದ ಸ್ಥಳ ಮಾತ್ರ ಬೇರೆ.

ಹೀಗಿದ್ದರೂ ಸಾಗರದಿಂದ ಇಷ್ಟು ದೂರವಿರುವ ಈ ಮಂಡ್ಯ ಸೀಮೆಯಿಂದಲೇ, ಕಾವೇರಿಯ ನಡುವಿನ ಶ್ರೀರಂಗಪಟ್ಟಣದಿಂದಲೇ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತೀಯ ಅರಸನೊಬ್ಬನ ಅತ್ಯಂತ ವಿಸ್ತಾರವಾದ ನೌಕಾಯೋಜನೆಯೊಂದು ಹೊರಟಿತೆಂಬುದು ಗಮನಾರ್ಹ. ಅದು ಏಕೆ ಹೊರಟಿತು, ಏಕೆ ದಡ ಸೇರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಶಾಸನಗಳ ಸಾಕ್ಷ್ಯ

ಕನ್ನಡ ನಾಡಿನ ನೌಕಾಯುದ್ಧದ ಪ್ರಸಿದ್ಧ ವರ್ಣನೆ ಒಂದು ಜಿನಾಲಯದ ಗೋಡೆಯ ಮೇಲಿದೆ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ಕ್ರಿ.ಶ. 634-35ರಲ್ಲಿ ಬರೆಸಿದ ಸಂಸ್ಕೃತ ಪ್ರಶಸ್ತಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೇಳುವಾಗ ಕೊಂಕಣದ ಮೌರ್ಯರ ಸೋಲನ್ನೂ ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ ಪುರಿಯ ಮುತ್ತಿಗೆಯನ್ನೂ ವಿವರಿಸುತ್ತದೆ. ಅಲ್ಲಿ ನೂರಾರು ನೌಕೆಗಳು ಮದಗಜಗಳಿಗೆ ಹೋಲಿಕೆಯಾಗುತ್ತವೆ. ಒಳನಾಡಿನ ಕವಿ ಕಡಲನ್ನು ಕಾಣುವ ಬಗೆ ಈ ಉಪಮೆಯಲ್ಲಿದೆ: ಅವನಿಗೆ ಬಲದ ಅಳತೆಗೋಲು ಆನೆಯೇ. ಪುರಿ ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಘಾರಾಪುರಿ ಎಂದು ಕೆಲವರು, ಜಂಜೀರದ ಬಳಿಯ ರಾಜಪುರಿ ಎಂದು ಕೆಲವರು ಹೇಳುತ್ತಾರೆ. ಯಾವುದಾದರೂ ಆಗಲಿ, ಅದನ್ನು ಹಿಡಿಯಲು ಹಡಗು ಬೇಕಿತ್ತು. ಪುಲಕೇಶಿಗಿಂತ ಹಿಂದೆ ಮಂಗಲೇಶನು ರೇವತೀದ್ವೀಪವನ್ನು ಗೆದ್ದುದನ್ನೂ ಇದೇ ಶಾಸನ ಹೇಳುವುದರಿಂದ, ಬಾದಾಮಿಯ ಚಾಲುಕ್ಯರಿಗೆ ಕಡಲ ದಾರಿ ಒಂದು ತಲೆಮಾರಿನ ಸಾಹಸವಾಗಿರಲಿಲ್ಲ ಎಂದು ತಿಳಿಯುತ್ತದೆ.

ಕಡಲನ್ನೇ ತಮ್ಮ ಅಂಗಳ ಮಾಡಿಕೊಂಡವರು ಗೋವೆಯ ಕದಂಬರು. ಧಾರವಾಡದ ಬಳಿಯ ನರೇಂದ್ರದ ಹನ್ನೆರಡನೆಯ ಶತಮಾನದ ಶಾಸನ ಈ ವಂಶದ ಚಟ್ಟಯ್ಯನು ಕವಡಿದ್ವೀಪವನ್ನು ಗೆದ್ದುದನ್ನೂ, ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆ ಕಟ್ಟಿದಂತೆ ಮಾಡಿದುದನ್ನೂ ಹೇಳುತ್ತದೆ. ಉತ್ಪ್ರೇಕ್ಷೆಯನ್ನು ಕಳೆದರೂ ಹಡಗುಗಳ ಸಾಲು ಉಳಿಯುತ್ತದೆ. ಈ ವಂಶದ ಒಂದನೆಯ ಜಯಕೇಶಿ ಗೋಪಕಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಸೋಮನಾಥ ಯಾತ್ರೆಗೆ ಹೊರಟ ಕದಂಬ ಅರಸನ ಹಡಗಿನ ಪಟಸ್ತಂಭ ಮುರಿದಾಗ ಅರಬ್ಬೀ ಮೂಲದ ವರ್ತಕನೊಬ್ಬ ನೆರವಾದನೆಂದೂ, ಆ ಮನೆತನದವರು ಮುಂದೆ ಕದಂಬರ ಆಡಳಿತದಲ್ಲಿ ಉನ್ನತ ಸ್ಥಾನ ಪಡೆದರೆಂದೂ ತಾಮ್ರಶಾಸನದಿಂದ ತಿಳಿಯುತ್ತದೆ. ಕಡಲ ಅರಸುತನಕ್ಕೆ ಕಡಲನ್ನು ಬಲ್ಲವರ ನೆರವು ಬೇಕು, ಅವರ ಕುಲಧರ್ಮಗಳು ಯಾವುವೇ ಆಗಿರಲಿ, ಎಂಬ ತಿಳಿವಳಿಕೆ ಕದಂಬರಲ್ಲಿ ಸ್ಪಷ್ಟವಾಗಿತ್ತು. ಬಂದರಿನ ಹತ್ತಿರ ರಾಜಧಾನಿ ಇದ್ದುದೇ ಅದಕ್ಕೆ ಕಾರಣವಿರಬೇಕು.

ಕುದುರೆಗಾಗಿ ಕಡಲು

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ ಈ ರಾಜ್ಯದಲ್ಲಿ ಕಲ್ಲಿಕೋಟೆಗೆ ಸಮನಾದ ಮುನ್ನೂರು ಬಂದರುಗಳಿವೆಯೆಂದು ಬರೆದ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ಭಟ್ಕಳ, ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರುಗಳ ಸಮೃದ್ಧಿಯನ್ನು ಅದು ಸೂಚಿಸುತ್ತದೆ. ಕರಾವಳಿಯ ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ವರ್ತಕ ಸಂಘದ ಹೆಸರು ಪಾರಸಿಯ ಅಂಜುಮನ್ ಪದದಿಂದ ಬಂದುದು. ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದಲ್ಲಿ ರಾಜನಾದವನು ಬಂದರುಗಳನ್ನು ಅಭಿವೃದ್ಧಿಪಡಿಸಿ ಕುದುರೆ, ಆನೆ, ರತ್ನಗಳ ವ್ಯಾಪಾರವನ್ನು ಬೆಳೆಸಬೇಕೆಂದು ಹೇಳುತ್ತಾನೆ.

ಇಲ್ಲಿ ಸಾಗರದ ಮಹತ್ವ ರಾಜನಿಗೆ ಗೊತ್ತಿದೆ. ಆದರೆ ಅದು ಕುದುರೆ ಬರುವ ದಾರಿ. ಶತ್ರು ಬರುವ ಗಡಿಯಲ್ಲ. ದಾರಿಯನ್ನು ಕಾಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟರೂ ನಡೆಯುತ್ತದೆಂಬ ಭಾವನೆ ಇದರಿಂದ ಹುಟ್ಟಿತು. 1498ರಲ್ಲಿ ವಾಸ್ಕೋ ಡ ಗಾಮನು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿದ. 1505ರಲ್ಲಿ ಅಲ್ಮೇಡನು ಅಲ್ಲಿಯೇ ಕೋಟೆ ಕಟ್ಟಲು ತೊಡಗಿ, ಅದೇ ವರ್ಷ ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟ. ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ತಿಮೋಜ, 1510ರಲ್ಲಿ ಅಲ್ಬುಕರ್ಕನನ್ನು ಬಿಜಾಪುರದವರ ವಶದಲ್ಲಿದ್ದ ಗೋವೆಯತ್ತ ತಿರುಗಿಸಿದ. ತಿಮ್ಮಯ್ಯನ ಲೆಕ್ಕಾಚಾರ ಸ್ಥಳೀಯವಾದುದು. ಅದರ ಫಲ ಮಾತ್ರ ನಾಲ್ಕೂವರೆ ಶತಮಾನ ಉಳಿಯಿತು. ಕಡಲನ್ನು ಬಲ್ಲ ಸ್ವದೇಶಿ ನಾವಿಕನಿಗೆ ಒಳನಾಡಿನ ಸಾಮ್ರಾಜ್ಯದಲ್ಲಿ ತಕ್ಕ ಸ್ಥಾನವಿಲ್ಲದಿದ್ದಾಗ ಅವನ ಜ್ಞಾನ ಪರರ ಸ್ವತ್ತಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದದಂತೆ ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕೆಂದು ನಿಗದಿಯಾಯಿತು. ಸಾಮ್ರಾಜ್ಯದ ಅಶ್ವಬಲ ಪರಕೀಯ ನೌಕಾಬಲದ ಕೃಪೆಯನ್ನು ಅವಲಂಬಿಸಿತೆಂಬುದೇ ಇದರ ಅರ್ಥ.

ಪರವಾನಗಿಯನ್ನು ಒಪ್ಪದ ರಾಣಿಯರು

ಪೋರ್ಚುಗೀಸರು ‘ಕರ್ತಾಜ್’ ಎಂಬ ಪರವಾನಗಿ ಪತ್ರವಿಲ್ಲದೆ ಯಾವ ಹಡಗೂ ಸಂಚರಿಸಬಾರದೆಂದು ವಿಧಿಸಿದರು. ಕರಾವಳಿಯ ಅಕ್ಕಿ, ಮೆಣಸುಗಳು ಪಶ್ಚಿಮ ಏಷ್ಯಕ್ಕೆ ಹೋಗಲು ಪರರ ಅಪ್ಪಣೆ ಬೇಕಾಯಿತು. ದೊಡ್ಡ ಸಾಮ್ರಾಜ್ಯಗಳು ಇದನ್ನು ವ್ಯಾಪಾರದ ಕಿರುಕುಳವೆಂದು ಸಹಿಸಿಕೊಂಡವು. ಬದುಕೇ ಕಡಲಿನಲ್ಲಿದ್ದ ಚಿಕ್ಕ ರಾಜ್ಯಗಳಿಗೆ ಅದು ಸಾಧ್ಯವಿರಲಿಲ್ಲ. ಅವುಗಳಲ್ಲಿ ಎರಡು ಜೈನ ಅರಸುಮನೆತನಗಳ ರಾಣಿಯರವು.

ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಕಪ್ಪ ಕೊಡಲು ನಿರಾಕರಿಸಿ, ಕಲ್ಲಿಕೋಟೆಯ ಸಾಮೂತಿರಿಯೊಡನೆ ಸಖ್ಯ ಬೆಳೆಸಿ, ತನ್ನ ಹಡಗುಗಳನ್ನು ಕಡಲಿಗಿಳಿಸಿದಳು. 1555ರಿಂದ 1570ರ ದಶಕದವರೆಗೆ ಪೋರ್ಚುಗೀಸರು ಮತ್ತೆ ಮತ್ತೆ ದಂಡೆತ್ತಿ ಬಂದರು. ಅಬ್ಬಕ್ಕನ ಪಡೆಯಲ್ಲಿ ಮೊಗವೀರರೂ ಮುಸ್ಲಿಂ ನಾವಿಕರೂ ಒಟ್ಟಾಗಿ ಹೋರಾಡಿದರೆಂಬುದು ತುಳುನಾಡಿನ ಜನಪದ ಸ್ಮೃತಿಯ ದೃಢವಾದ ಅಂಶ. ಅಳಿಯಸಂತಾನದ ಈ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರಿದ್ದರೆಂದು ವಿದ್ವಾಂಸರು ಭಾವಿಸುತ್ತಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಕಂಡ ಉಳ್ಳಾಲದ ರಾಣಿ ಬರಿಗಾಲಿನಲ್ಲಿ, ಸರಳ ಉಡುಪಿನಲ್ಲಿ, ಕಾಲುವೆ ತೋಡುವ ಕೆಲಸವನ್ನು ನೋಡಲು ಹೊರಟಿದ್ದಳು. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿ, ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡಳು. ಶರಾವತಿ ಮತ್ತು ಅಘನಾಶಿನಿಗಳ ಅಳಿವೆಗಳು ಆಕೆಯ ಹಿಡಿತದಲ್ಲಿದ್ದವು. ಮಿರ್ಜಾನಿನ ಕೋಟೆ ಆಕೆಯ ಹೆಸರಿನೊಡನೆ ಬೆಸೆದುಕೊಂಡಿದೆ.

ಈ ರಾಣಿಯರ ಯುದ್ಧತಂತ್ರದ ಮರ್ಮ ಅಳಿವೆಯಲ್ಲಿತ್ತು. ನಡುಗಡಲಿನಲ್ಲಿ ಪೋರ್ಚುಗೀಸರ ಫಿರಂಗಿ ಹಡಗುಗಳನ್ನು ಎದುರಿಸುವುದು ಕಷ್ಟ. ಆದರೆ ನದಿ ಕಡಲನ್ನು ಸೇರುವಲ್ಲಿ ಮರಳದಿಬ್ಬಗಳಿರುತ್ತವೆ. ಭರತ ಇಳಿತಗಳನ್ನು ತಿಳಿಯದ ದೊಡ್ಡ ಹಡಗು ಅಲ್ಲಿ ಸಿಕ್ಕಿಬೀಳುತ್ತದೆ. ಚಪ್ಪಟೆ ತಳದ ಚಿಕ್ಕ ದೋಣಿ ಒಳನುಗ್ಗಿ ಹೊರಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಕಡಲು ಮುಚ್ಚಿರುವುದರಿಂದ ಗೋವೆಯಿಂದ ನೆರವು ಬರಲಾರದು. ನೆಲೆಯ ತಿಳಿವಳಿಕೆಯೇ ಇಲ್ಲಿ ಆಯುಧ. ಈ ಪ್ರತಿರೋಧಕ್ಕೆ ಹಿಂಬದಿಯ ಬೆಂಬಲ ಮಾತ್ರ ಇರಲಿಲ್ಲ. 1565ರ ಯುದ್ಧದ ನಂತರ ವಿಜಯನಗರ ಕುಸಿಯಿತು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸರು ಕಾಲೂರಿದರು. ಕೊನೆಗೆ ಚೆನ್ನಭೈರಾದೇವಿಯನ್ನು ಸೋಲಿಸಿ ಸೆರೆಹಿಡಿದವರು ಕಡಲಿನಿಂದ ಬಂದವರಲ್ಲ, ಘಟ್ಟದ ಮೇಲಿನ ಕೆಳದಿಯ ನಾಯಕರು.

ಕೆಳದಿಯ ಶಿವಪ್ಪನಾಯಕ 1652ರಿಂದ 1654ರ ನಡುವೆ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಗೆದ್ದುದು ಕನ್ನಡ ಚರಿತ್ರೆಯ ಮಹತ್ವದ ಸಾಧನೆ. ಆದರೆ ಗೆದ್ದುದು ನೆಲದ ಕಡೆಯಿಂದ ಹಾಕಿದ ಮುತ್ತಿಗೆಯಿಂದ. ಕಡಲು ಹಾಗೆಯೇ ತೆರೆದಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿಯು ಎಂಬತ್ತಕ್ಕೂ ಹೆಚ್ಚು ನೌಕೆಗಳೊಡನೆ ಬಂದು ಬಸರೂರನ್ನು ಸೂರೆ ಮಾಡಿ ಹಿಂದಿರುಗಿದಾಗ ಅವನನ್ನು ನೀರಿನ ಮೇಲೆ ತಡೆಯುವವರು ಇರಲಿಲ್ಲ. ಕೋಟೆಯನ್ನು ಗೆಲ್ಲುವುದು ಬೇರೆ, ಕರಾವಳಿಯನ್ನು ಕಾಯುವುದು ಬೇರೆ ಎಂಬುದು ಹತ್ತೇ ವರ್ಷಗಳಲ್ಲಿ ಸಿದ್ಧವಾಯಿತು.

ಶ್ರೀರಂಗಪಟ್ಟಣದ ನೌಕಾಯೋಜನೆ

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರಿನೊಡನೆ ಕಡಲೂ ದೊರೆಯಿತು. ಅವನು ಕೂಡಲೇ ಹಡಗು ಕಟ್ಟಿಸಲು ತೊಡಗಿ, ಕಣ್ಣಾನೂರಿನ ಅಲಿ ರಾಜನಿಗೆ ನೌಕಾಬಲದ ಹೊಣೆ ವಹಿಸಿದ. ಮಾಲ್ಡೀವ್ಸ್ ದ್ವೀಪಗಳ ಮೇಲಿನ ದಾಳಿಯಲ್ಲಿ ಅಲ್ಲಿಯ ಸುಲ್ತಾನನ ಕಣ್ಣು ಕೀಳಿಸಿದುದಕ್ಕೆ ಸಿಟ್ಟಾಗಿ ಹೈದರನು ಅವನನ್ನು ಆ ಸ್ಥಾನದಿಂದ ತೆಗೆದುಹಾಕಿದನೆಂದು ಹೇಳಲಾಗಿದೆ. ಮುಂದೆ ನಡೆದುದು ಹೆಚ್ಚು ಅರ್ಥಪೂರ್ಣ. ಹೈದರನು ತನ್ನ ಅಶ್ವದಳದ ಅಧಿಕಾರಿ ಲುತ್ಫ್ ಅಲಿ ಬೇಗನನ್ನು ನೌಕಾಪಡೆಯ ಮೇಲೆ ನೇಮಿಸಿದ. ಕಡಲನ್ನು ಅರಿಯದವನ ಕೈಕೆಳಗೆ ದುಡಿಯಲು ಹಡಗುಗಳ ನಾಯಕರು ಒಪ್ಪಲಿಲ್ಲ. 1768ರಲ್ಲಿ ಬೊಂಬಾಯಿಯ ಇಂಗ್ಲಿಷ್ ಪಡೆ ಮಂಗಳೂರಿಗೆ ಬಂದಾಗ ಮೈಸೂರಿನ ಹಡಗುಗಳು ಕಾದಾಡದೆ ಶತ್ರುಪಕ್ಷ ಸೇರಿದವು. ಅದೇ ವರ್ಷ ಹೈದರನು ಮಂಗಳೂರನ್ನು ನೆಲದ ಮಾರ್ಗದಿಂದ ಮರಳಿ ಪಡೆದ. ಹೋದ ಹಡಗುಗಳನ್ನು ಪಡೆಯಲಾಗಲಿಲ್ಲ. ಮತ್ತೆ ಕಟ್ಟಿಸಿದವನ್ನು 1780ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನಲ್ಲೇ ನಾಶಪಡಿಸಿದ.

ಬ್ರಿಟಿಷರ ನೆಲದ ಮೇಲಿನ ಸಂಪತ್ತನ್ನು ಹಾಳುಗೆಡವಬಹುದು, ಕಡಲನ್ನು ಬತ್ತಿಸುವುದು ಸಾಧ್ಯವಿಲ್ಲವೆಂಬ ಅರ್ಥದ ಮಾತನ್ನು ಹೈದರನು ಕೊನೆಗಾಲದಲ್ಲಿ ಪೂರ್ಣಯ್ಯನೆದುರು ಆಡಿದನೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಮಾತು ಹೈದರನದೇ ಹೌದೋ ಅಲ್ಲವೋ, ಸನ್ನಿವೇಶದ ಸತ್ಯ ಅದರಲ್ಲಿದೆ. ಪೊಳ್ಳಿಲೂರಿನಲ್ಲಿ 1780ರಲ್ಲಿ ಗೆದ್ದ ಸೈನ್ಯಕ್ಕೆ, ಮದರಾಸಿಗೆ ಬಂಗಾಳದಿಂದ ಕಡಲ ಮೂಲಕ ಬರುವ ಜನ, ಹಣ, ಅಕ್ಕಿಗಳನ್ನು ತಡೆಯುವ ದಾರಿಯಿರಲಿಲ್ಲ. ಫ್ರೆಂಚ್ ನೌಕಾಧಿಪತಿ ಸಫ್ರಾನ್ 1782ರಲ್ಲಿ ಕಡಲೂರಿನಲ್ಲಿ ಹೈದರನನ್ನು ಕಂಡ. ಆ ಮೈತ್ರಿಯೂ ಎರವಲು ನೌಕಾಬಲವೇ. ಯೂರೋಪಿನಲ್ಲಿ ಸಂಧಿಯಾದೊಡನೆ ಅದು ಹಿಂದೆ ಸರಿಯಿತು.

ಟಿಪ್ಪು ಈ ಪಾಠವನ್ನು ಓದಿದ್ದ. 1796ರಲ್ಲಿ ಅವನು ಹೊರಡಿಸಿದ ವಿಸ್ತಾರವಾದ ಆಜ್ಞೆಗಳು ನೌಕಾಬಲವನ್ನು ಒಂದು ಇಲಾಖೆಯಾಗಿ ರೂಪಿಸಿದವು. ಹನ್ನೊಂದು ಮಂದಿಯ ‘ಮೀರ್ ಯಮ್’ ಮಂಡಳಿ ರಾಜಧಾನಿಯಲ್ಲಿ. ಅವರ ಕೈಕೆಳಗೆ ‘ಮೀರ್ ಬಹರ್’ ಅಧಿಕಾರಿಗಳು. ದೊಡ್ಡ ಯುದ್ಧನೌಕೆ ಮತ್ತು ಫ್ರಿಗೇಟುಗಳು ಸೇರಿ ಸುಮಾರು ನಲವತ್ತು ಹಡಗು. ಮಂಗಳೂರು, ಮಿರ್ಜಾನ್, ಸದಾಶಿವಗಡಗಳ ಕಡೆ ಹಡಗುಕಟ್ಟೆಗಳು. ಕಾಡಿನಿಂದ ತೇಗ ಸಾಗಿಸುವುದರಿಂದ ಹಿಡಿದು ನಾವಿಕರ ಸಂಬಳದವರೆಗೆ ವಿವರಗಳಿದ್ದವು. ಹಿಂದಿನ ಯಾವ ಕನ್ನಡ ಅರಸುಮನೆತನವೂ ಕಡಲನ್ನು ಇಷ್ಟು ವ್ಯವಸ್ಥಿತವಾಗಿ ಆಲೋಚಿಸಿದಂತೆ ಕಾಣುವುದಿಲ್ಲ.

ಆದರೆ ಕಾಲ ಮೀರಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಕೈಬಿಟ್ಟಿತ್ತು, ಅರ್ಧ ರಾಜ್ಯ ಹೋಗಿತ್ತು, ಬೊಕ್ಕಸ ಬರಿದಾಗಿತ್ತು. ಸೈನ್ಯವನ್ನು ಒಂದು ವರ್ಷದಲ್ಲಿ ಸೇರಿಸಬಹುದು. ಹಡಗಿನ ಮರ ಒಣಗಲೇ ವರ್ಷಗಳು ಬೇಕು. ನಾವಿಕನು ಪಳಗಲು ಇನ್ನೂ ಹೆಚ್ಚು. ಯೋಜನೆ ಬಹುಪಾಲು ಕಾಗದದ ಮೇಲಿದ್ದಾಗಲೇ 1799 ಬಂದಿತು. ಬೊಂಬಾಯಿಯ ಸೈನ್ಯ ಕಡಲ ಮಾರ್ಗವಾಗಿ ಕಣ್ಣಾನೂರಿಗೆ ಬಂದು, ಕೊಡಗನ್ನು ಹಾದು ಶ್ರೀರಂಗಪಟ್ಟಣ ತಲುಪಿತು. ಮೇ 4ರಂದು ಕೋಟೆ ಬಿದ್ದಿತು. ಕಾವೇರಿಯ ದಡದ ಆ ಯುದ್ಧದ ಒಂದು ತುದಿ ಅರಬ್ಬೀ ಸಮುದ್ರದಲ್ಲಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಕಡಲಿಲ್ಲದ ನೂರೈವತ್ತು ವರ್ಷ

1799ರ ವಿಭಜನೆಯಲ್ಲಿ ಕೆನರಾ ಪ್ರಾಂತ್ಯ ಕಂಪನಿಯ ಪಾಲಾಯಿತು. ಮೈಸೂರು ಸಂಸ್ಥಾನಕ್ಕೆ ಒಂದು ಮೊಳ ಕಡಲದಂಡೆಯೂ ಉಳಿಯಲಿಲ್ಲ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ಪಶ್ಚಿಮ ಕರಾವಳಿಯ ತೇಗ ಬೊಂಬಾಯಿಯ ಹಡಗುಕಟ್ಟೆಗೆ ಹರಿಯಿತು. ನೌಕಾಬಲಕ್ಕೆ ಬೇಕಾದ ಮರವನ್ನು ಕಾಯುವ ಸಲುವಾಗಿಯೇ 1806ರಲ್ಲಿ ಮಲಬಾರಿಗೆ ಕಂಪನಿಯು ಅರಣ್ಯಾಧಿಕಾರಿಯನ್ನು ನೇಮಿಸಿತು. ಬೊಂಬಾಯಿಯಲ್ಲಿ 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಮರ ಇಲ್ಲಿಯದು, ಬಡಗಿ ಇಲ್ಲಿಯವನು, ಬಾವುಟ ಮಾತ್ರ ಬೇರೆಯದು.

1956ರ ಏಕೀಕರಣವನ್ನು ನಾವು ಭಾಷೆಯ ದೃಷ್ಟಿಯಿಂದ ವಿವರಿಸುತ್ತೇವೆ, ಅದು ಸರಿಯೇ. ಅದರ ಇನ್ನೊಂದು ಫಲ, ಸುಮಾರು 300 ಕಿ.ಮೀ. ಕಡಲದಂಡೆ ಮತ್ತೆ ಕನ್ನಡ ರಾಜ್ಯದ ಭಾಗವಾದುದು. ಮರುವರ್ಷ, 1957ರಲ್ಲಿ, ಭಾರತೀಯ ನೌಕಾಪಡೆಗೆ ‘ಮೈಸೂರು’ ಎಂಬ ಹೆಸರಿನ ಕ್ರೂಸರ್ ನೌಕೆ ಸೇರಿತು. ಅದರ ಲಾಂಛನ ಗಂಡಭೇರುಂಡ. 1961ರ ಡಿಸೆಂಬರಿನ ಗೋವಾ ವಿಮೋಚನೆಯಲ್ಲಿ ಈ ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳು ಅಂಜದೀವವನ್ನು ಬಿಡಿಸಿಕೊಂಡವು. ಆ ಕಾರ್ಯಾಚರಣೆಯಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. 1498ರಲ್ಲಿ ಗಾಮನು ತಂಗಿದ ದ್ವೀಪ ಅದು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯೂ ‘ಮೈಸೂರು’ ಆಗಿತ್ತು. 1999ರಲ್ಲಿ ಸೇವೆಗೆ ಸೇರಿದ, ಮುಂಬಯಿಯಲ್ಲಿ ಕಟ್ಟಿದ ವಿಧ್ವಂಸಕ ನೌಕೆ ಆ ಹೆಸರನ್ನು ಮುಂದುವರಿಸಿದೆ.

ಕಾರವಾರದ ಬಳಿ ‘ಸೀಬರ್ಡ್’ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರ ಮೇ 31ರಂದು ನೌಕಾನೆಲೆ ಸೇವೆಗೆ ಅರ್ಪಿತವಾಯಿತು. ಅದಕ್ಕೆ ‘ಐಎನ್ಎಸ್ ಕದಂಬ’ ಎಂದು ಹೆಸರಿಟ್ಟಿರುವುದು ಉಚಿತವೇ ಆಗಿದೆ. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ನೌಕೆಯೊಂದು ‘ರಾಣಿ ಅಬ್ಬಕ್ಕ’ ಎಂಬ ಹೆಸರು ಪಡೆಯಿತು.

ಹೆಸರಿನ ಗೌರವದೊಡನೆ ಒಂದು ಋಣವನ್ನೂ ನೆನೆಯಬೇಕು. ಈ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ನಡುವಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟು ಹೊರಡಬೇಕಾಯಿತು. ಹೆಚ್ಚಿನ ಪರಿಹಾರಕ್ಕಾಗಿ ಅವರು ನಡೆಸಿದ ವ್ಯಾಜ್ಯಗಳು ವರ್ಷಗಟ್ಟಲೆ ಎಳೆದವು. ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ಮುಂತಾಗಿ ಈ ದಂಡೆಯಲ್ಲಿ ಬದುಕುವ ಸಮುದಾಯಗಳಲ್ಲಿ ಹಲವು, ಅಂದು ರಾಣಿಯರ ಹಡಗುಗಳನ್ನು ನಡೆಸಿದವರ ವಂಶದವರೇ. ಮಂಡ್ಯದವರಿಗೆ ಇದು ಅಪರಿಚಿತ ಅನುಭವವಲ್ಲ. ಕನ್ನಂಬಾಡಿ ಕಟ್ಟೆಯಿಂದ ನಮ್ಮ ಗದ್ದೆಗಳಿಗೆ ನೀರು ಬಂದಾಗ ಮುಳುಗಿದ್ದು ಬೇರೆ ಊರುಗಳು. ಒಬ್ಬರ ರಕ್ಷಣೆ, ಒಬ್ಬರ ಹಸುರು ಇನ್ನೊಬ್ಬರ ಬಿಟ್ಟ ಮನೆಯ ಮೇಲೆ ನಿಂತಿರುತ್ತದೆ.

ನೌಕಾಬಲಕ್ಕೆ ಮೂರು ಆಧಾರಗಳು ಬೇಕು: ಮರ ಮತ್ತು ಬಂದರು, ಕಡಲನ್ನು ಬಲ್ಲ ಜನ, ಆ ಜನರನ್ನು ನಂಬಿ ಎಡೆಬಿಡದೆ ಪೋಷಿಸುವ ರಾಜ್ಯ. ಮೊದಲ ಎರಡು ಕನ್ನಡ ನಾಡಿನಲ್ಲಿ ಎಂದೂ ಕೊರತೆಯಾಗಿರಲಿಲ್ಲ. ತಿಮ್ಮಯ್ಯನ ನಿಲುವು, ಲುತ್ಫ್ ಅಲಿ ಬೇಗನ ನೇಮಕ, ತಡವಾಗಿ ಬಂದ 1796ರ ಆಜ್ಞೆಗಳು, ಇವೆಲ್ಲ ಮೂರನೆಯದರ ಕೊರತೆಯನ್ನು ತೋರುತ್ತವೆ. ಗೋವೆಯ ಕದಂಬರಲ್ಲಿಯೂ ಉಳ್ಳಾಲ, ಗೇರುಸೊಪ್ಪೆಗಳಲ್ಲಿಯೂ ಅದು ಇದ್ದಷ್ಟು ಕಾಲ ಚಿಕ್ಕ ರಾಜ್ಯವೂ ದೊಡ್ಡ ಶತ್ರುವನ್ನು ತಡೆದು ನಿಲ್ಲಿಸಿತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಹಳಗನ್ನಡದ ‘ಬಹಿತ್ರ’ದಿಂದ ಇಂದಿನ ‘ತಾಂಡೇಲ’, ‘ನಾಖುದಾ’, ‘ಪತ್ತೆಮಾರಿ’ಗಳವರೆಗೆ ಕಡಲಿನ ಕನ್ನಡ ಶಬ್ದಸಂಪತ್ತು ಶಾಸನಗಳಲ್ಲಿ, ಕಾವ್ಯಗಳಲ್ಲಿ, ಮೀನುಗಾರರ ನಾಲಗೆಯಲ್ಲಿ ಹಂಚಿಹೋಗಿದೆ. ಯಾಂತ್ರಿಕ ದೋಣಿಗಳು ಬಂದಮೇಲೆ ಹಾಯಿ, ಹುಟ್ಟು, ಗಾಳಿಗಳ ಹಳೆಯ ಹೆಸರುಗಳನ್ನು ಬಲ್ಲವರು ಹಿರಿಯರಲ್ಲಿ ಮಾತ್ರ ಉಳಿದಿದ್ದಾರೆ. ಆತಕೂರಿನ ಕಲ್ಲನ್ನು ಓದಿದ ಎಚ್ಚರದಿಂದಲೇ ಅವರ ಮಾತನ್ನೂ ಬರೆದಿಟ್ಟುಕೊಳ್ಳಬೇಕಾಗಿದೆ. ಕಲ್ಲು ಕಾದೀತು, ಅವರು ಕಾಯಲಾರರು.